ಏಳು ಮನೆಗೆ ಒಂದು ದೋಟಿ: ನನ್ನ ಅನುಭವ

ಏಳು ಮನೆ ಸೇರಿ ಒಂದು ದೋಟಿ (ನೆಲದ ಮೇಲೆ ನಿಂತೇ ಅಡಿಕೆ ಕೊಯ್ಯುವ, ಔಷಧಿ ಹೊಡೆಯುವ ಉದ್ದ ಕೋಲು) ತರೋಣ ಅಂದಾಗ ನಮ್ಮ ದೊಡ್ಡಪ್ಪ ಎದ್ದು ಹೋಗಿ, ಕವಳ ಉಗಿದು ಬಂದು ನಕ್ಕಿದ್ದರು. "ಹತ್ತು ಮಂದಿ ಸೇರಿದ ಕಡೆ ಹಾವು ಸಾಯೋದಿಲ್ಲ ತಮಾ" ಅಂದರು. ಈಗ ಮೂರು ಸೀಸನ್ ಆಯಿತು. ದೋಟಿ ಇದೆ, ಲೆಕ್ಕದ ಪುಸ್ತಕ ಇದೆ, ಏಳೂ ಮನೆಯವರು ಇನ್ನೂ ಒಬ್ಬರಿಗೊಬ್ಬರು ಮಾತಾಡುತ್ತಿದ್ದೇವೆ. ಹೋದ ಮಳೆಗಾಲದಲ್ಲಿ ಏಳು ತೋಟದಲ್ಲಿ ಮಳೆಗೆ ಬರುವ ಕೊಳೆ ರೋಗದಿಂದ ಉದುರಿದ ಅಡಿಕೆ ಎಲ್ಲ ಸೇರಿಸಿದರೂ ಹತ್ತು ಬುಟ್ಟಿ ಆಗಿರಬಹುದು. ಉತ್ತರ ಕನ್ನಡದ ಸಿದ್ದಾಪುರದ ಮಳೆ ಗೊತ್ತಿದ್ದವರಿಗೆ ಇದು ಎಷ್ಟು ಕಡಿಮೆ ಅಂತ ಗೊತ್ತು.

ನಮ್ಮಲ್ಲಿ ವಾದಕ್ಕೆ ಯಾವತ್ತೂ ಬರ ಇರಲಿಲ್ಲ. ಸೊಸೈಟಿ ಜಗುಲಿ, ಮದುವೆ ಮನೆಯ ಪಂಕ್ತಿ, ನಾಲ್ಕು ಬೆಳೆಗಾರರು ಸೇರಿದರೆ ಅದೇ ಮಾತು. ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ಇಳಿಸುವವರು, ಸಿಗುವುದಿಲ್ಲ. ಒಬ್ಬರು ಕೂಲಿ ಏರಿಸಿದ್ದೇ ತಪ್ಪು ಅನ್ನುತ್ತಾರೆ. ಇನ್ನೊಬ್ಬರಿಗೆ ಬಿಟ್ಟಿ ಅಕ್ಕಿ ಕೊಟ್ಟಿದ್ದು ತಪ್ಪು. ಮತ್ತೊಬ್ಬರಿಗೆ ಯಂತ್ರ ತಂದರೆ ಬಡವರ ಕೆಲಸ ಹೋಗುತ್ತದೆ ಅನ್ನೋ ಚಿಂತೆ. ನಾನೂ ಹತ್ತು ವರ್ಷ ಇದೇ ವಾದ ಮಾಡಿದವನೇ. ಆದರೆ ನಮ್ಮ ಸುತ್ತ ಮರ ಹತ್ತುವವರಲ್ಲಿ ಎಲ್ಲರಿಗಿಂತ ಚಿಕ್ಕವರಿಗೇ 43 ವರ್ಷ. ಅವರ ಮಕ್ಕಳು ಯಾರೂ ಹತ್ತುವುದಿಲ್ಲ. ಆಷಾಢದ ಪಾಚಿ ಹಿಡಿದ ಮರ, 50 ಅಡಿ ಮೇಲೆ. ನಮ್ಮ ಮಕ್ಕಳನ್ನು ಹತ್ತಿಸುತ್ತೇವಾ? ಈ ಪ್ರಶ್ನೆ ಬಂದ ಕೂಡಲೇ ಜಗುಲಿಯಲ್ಲಿ ಯಾರೋ ಚಾ ಹೇಳುತ್ತಾರೆ.

ನನ್ನ ಮೊದಲ ಸೋಲು ಅಲ್ಯೂಮಿನಿಯಂ ದೋಟಿ. 2016 ಇರಬೇಕು, 14 ಸಾವಿರ ಕೊಟ್ಟೆ. 40 ಅಡಿ ದಾಟಿದರೆ ಬಾಗಿ ತೂಗಾಡುತ್ತಿತ್ತು. ಈ ಮರದ ಕೊನೆಗೆ ಕತ್ತಿ ಹಿಡಿದರೆ ಆ ಮರದ ಸಿಂಗಾರ (ಹೂಗೊಂಚಲು) ಬೀಳುತ್ತಿತ್ತು. ಎರಡನೇ ದಿನ ಕುತ್ತಿಗೆ ಹಿಡಿದು ಮಲಗಿದೆ. ಅದರ ಒಂದು ತುಂಡಿನ ಮೇಲೆ ಈಗ ಮನೆಯಲ್ಲಿ ಬಟ್ಟೆ ಒಣಗಿಸುತ್ತಾರೆ. ಉಳಿದದ್ದು ಗುಜರಿಗೆ ಹೋಯಿತು.

ಎರಡನೇ ಸೋಲು 2020ರಲ್ಲಿ. ಮೂರು ಮನೆ ಸೇರಿ ಕಾರ್ಬನ್ ಫೈಬರ್ ದೋಟಿ ತಂದೆವು. ದೋಟಿ ಒಳ್ಳೆಯದೇ ಇತ್ತು, ನಾವೇ ಸರಿ ಇರಲಿಲ್ಲ. ಕೊಳೆಗೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತಿಗೆ ಮಳೆ ಹದಿನೈದು ದಿನ ಬಿಡಲೇ ಇಲ್ಲ. ಆಮೇಲೆ ನಾಲ್ಕು ದಿನ ಹೊಳವಾಯಿತು. ಮೂರೂ ಮನೆಗೆ ಅದೇ ನಾಲ್ಕು ದಿನ ಬೇಕು. ಪಾಳಿ ಬಗ್ಗೆ ಮೊದಲೇ ಏನೂ ಮಾತಾಡಿರಲಿಲ್ಲ, ನೆಂಟರು ಅಲ್ವಾ, ಹೇಗೋ ಆಗುತ್ತೆ ಅಂತ. ನನ್ನ ತೋಟ ಕೊನೆಗೆ ಬಂತು. ಅಷ್ಟರಲ್ಲಿ ಮತ್ತೆ ಮೋಡ. ಎರಡು ಕ್ವಿಂಟಾಲಿನಷ್ಟು ಕೊಳೆಗೆ ಹೋಯಿತು. ಆಗಿನ ದರದಲ್ಲಿ 70 ಸಾವಿರಕ್ಕೆ ಕಡಿಮೆ ಇಲ್ಲ. ಒಂದು ದೋಟಿಯ ದುಡ್ಡು ಮರದ ಬುಡದಲ್ಲಿ ಕೊಳೆಯಿತು. ಕೆಲಸ ಕಲಿಸಿದ ಹುಡುಗ ಬೆಂಗಳೂರಿಗೆ ಹೋದ. ಹೋಗುವ ಮೊದಲು ಕ್ಲಾಂಪಿನ ಬೋಲ್ಟ್ ಬಿಗಿಯಾಗಲಿ ಅಂತ ಸ್ಪ್ಯಾನರ್ ಮೇಲೆ ಸ್ಪ್ಯಾನರ್ ಹಾಕಿ ಕೊಳವೆ ಸೀಳಿಟ್ಟಿದ್ದ. ರಿಪೇರಿಗೆ 9 ಸಾವಿರ. ಜಗಳ ಮುಗಿದರೆ ಸಾಕು ಅಂತ ಅರ್ಧ ಬೆಲೆಗೆ ಮಾರಿದೆವು.

ಬಂಟ್ವಾಳದ ಕಡೆಯ ಗಣಪತಿ ಭಟ್ಟರ ಮರ ಹತ್ತುವ ಬೈಕ್ 2019ರಲ್ಲಿ ದೇಶವೆಲ್ಲ ಸುದ್ದಿ ಮಾಡಿತ್ತಲ್ಲ, ಆ ಆಸೆಯೂ ಬಂದು ಹೋಯಿತು. ಭಟ್ಟರ ತಲೆಗೆ ಕೈ ಮುಗಿಯಬೇಕು. ಆದರೆ ನನಗೆ ಬೇಕಿದ್ದದ್ದು ಮೇಲೆ ಹೋಗುವ ದಾರಿ ಅಲ್ಲ, ಯಾರೂ ಮೇಲೆ ಹೋಗದೇ ಆಗುವ ಕೆಲಸ.

2022ರಲ್ಲಿ ಮತ್ತೆ ಹೊರಟೆ. ಕಾರ್ಬನ್ ದೋಟಿ, ಔಷಧಿ ಪೈಪು ಎಲ್ಲ ಸೇರಿ 84 ಸಾವಿರ. ಏಳು ಮನೆ, ಮನೆಗೆ 12 ಸಾವಿರ. ಸಬ್ಸಿಡಿಗೆ ಕಾಯಲಿಲ್ಲ, ಕಾದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಈ ಸಲ ಎರಡು ವಿಷಯ ಬದಲಾಯಿಸಿದೆ. ಎರಡಕ್ಕೂ ಬೈಸಿಕೊಂಡೆ.

ಒಂದು, ನಮ್ಮ ಕೊನೆಗೌಡರನ್ನೇ ಎಂಟನೇ ಪಾಲುದಾರ ಮಾಡಿದ್ದು. ಮೊದಲು ಅವರೇ ಒಪ್ಪಲಿಲ್ಲ. "ದೋಟಿ ಬಂದ್ರೆ ನನ್ನ ಹೊಟ್ಟೆಗೇ ಹೊಡೆತ ಹೆಗಡೇರೇ, ಅದನ್ನ ನಾನೇ ಹಿಡೀಬೇಕಾ?" ಅಂದರು. ಮೂರು ಸಲ ಅವರ ಮನೆಗೆ ಹೋದೆ. ಮಂಡಿ ನೋವು ಇತ್ತು ಅವರಿಗೆ, ಅದು ಸ್ವಲ್ಪ ಕೆಲಸ ಮಾಡಿತು. ನಿಜವಾಗಿ ಒಪ್ಪಿದ್ದು ಅರ್ಧ ಕೂಲಿಯ ಮಾತಿಗೆ. ಬಂದ ಮೇಲೆ ಮಳೆ ಹಿಡಿದು ಕೆಲಸ ನಿಂತರೆ ಅರ್ಧ ದಿನದ ಕೂಲಿ ಖಂಡಿತ. ಹಿಂದೆಲ್ಲ ಮಳೆ ಬಂದರೆ ಆ ದಿನದ ನಷ್ಟ ಪೂರ್ತಿ ಅವರದ್ದು, ನಾವು ಒಂದು ಚಾ ಕೊಟ್ಟು ಕಳಿಸುತ್ತಿದ್ದೆವು. ಹತ್ತು ವರ್ಷದ ಜಗುಲಿ ವಾದದಲ್ಲಿ ಈ ಲೆಕ್ಕ ಒಂದು ಸಲವೂ ಬಂದಿರಲಿಲ್ಲ. ಅವರ ಪಾಲು 10,500 ರೂಪಾಯಿ. ಕೈಯಿಂದ ಕೊಡುವುದು ಬೇಡ, ಕೆಲಸ ಮಾಡಿದ ದಿನಕ್ಕೆ 100 ರೂಪಾಯಿ ಹಾಗೆ ಮುರಿದುಕೊಂಡೆವು. ಎರಡನೇ ಸೀಸನ್ ಅರ್ಧಕ್ಕೆ ತೀರಿತು. ಪ್ರತಿ ಮನೆಗೆ 1,500 ವಾಪಸ್ ಬಂತು.

ಎರಡನೆಯದು ಪಾಳಿಗೆ ಬೆಲೆ ಇಟ್ಟದ್ದು. ಬೆಂಗಳೂರಿನಲ್ಲಿರುವ ತಂಗಿ ಮಗ ಒಂದು ಆ್ಯಪ್ ಮಾಡಿಕೊಟ್ಟಿದ್ದ, ಆಟೋ ಬುಕ್ ಮಾಡಿದ ಹಾಗೆ ದೋಟಿ ಬುಕ್ ಮಾಡಿ ಅಂತ. ಹೊಳವಾದ ಬೆಳಿಗ್ಗೆ ಏಳೂ ಜನ ಒಂದೇ ಸಲ ಒತ್ತಿದೆವು. ಗುಡ್ಡದ ಮೇಲಿನ ಮನೆಗೆ ನೆಟ್‌ವರ್ಕ್ ಇದೆ, ಅವರಿಗೆ ಸಿಕ್ಕಿತು. ಅವರ ತೋಟಕ್ಕೆ ಬಿಸಿಲು ಬೀಳುತ್ತದೆ, ಕೊಳೆ ಬರುವುದೇ ಕಡಿಮೆ! ಕಣಿವೆಯ ತೋಟದವರು ಫೋನ್ ಹಿಡಿದು ಸಿಗ್ನಲ್ ಹುಡುಕುತ್ತಾ ದರೆ ಹತ್ತುತ್ತಿದ್ದರು. ಆ್ಯಪ್ ಅಲ್ಲಿಗೆ ಸಾಕು ಮಾಡಿದೆವು. ಈಗ ಅಂಗಡಿಯಲ್ಲಿ ದಾರ ಕಟ್ಟಿದ ನೋಟ್‌ಬುಕ್ ಇದೆ. ಮೊದಲು ಹೊಡೆಸುವವರು ಮರಕ್ಕೆ 3 ರೂಪಾಯಿ ಎಲ್ಲರ ನಿಧಿಗೆ ಕೊಡಬೇಕು. ನಡುವಿನವರು 2. ಕೊನೆಗೆ ನಿಲ್ಲುವವರು 1. ಗುಡ್ಡದ ಮೇಲಿನವರು ತಾವಾಗಿಯೇ ಹಿಂದೆ ಸರಿದರು. ನೆಂಟಸ್ತಿಕೆ ಹೇಳಿ ಮಾಡಿಸಲಾಗದ್ದನ್ನು ಎರಡು ರೂಪಾಯಿ ಮಾಡಿತು. ಆದರೆ ಇಬ್ಬರಿಗೂ ಮೊದಲ ಪಾಳಿಯೇ ಬೇಕು ಅಂತ ಬಂದಾಗ ಹೇಗೆ ಬಗೆಹರಿಸುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮವರೂ ಇದನ್ನು ಓದುತ್ತಾರೆ.

ಎಲ್ಲ ಸೇರಿ ಮರ 4,200ರ ಆಸುಪಾಸು. ಎರಡು ಔಷಧಿ, ಮೂರು ಕೊಯ್ಲು ಲೆಕ್ಕ ಹಾಕಿದರೆ ನಿಧಿಗೆ ವರ್ಷಕ್ಕೆ 40 ಸಾವಿರದ ಹತ್ತಿರ ಬರುತ್ತದೆ. ಕೂಲಿ ಬೇರೆ, ಅದನ್ನು ಆಯಾ ಮನೆಯವರೇ ಕೊಡುತ್ತಾರೆ. ನಿಧಿಯಿಂದ ರಿಪೇರಿ, ಮಳೆ ದಿನದ ಅರ್ಧ ಕೂಲಿ, ಕತ್ತಿ ಸಾಣೆ. ದೋಟಿ ಹಿಡಿಯುವವರಿಗೆ, ಬಲೆ ಹಿಡಿಯುವವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಕೂಡ ಅದರಿಂದಲೇ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಇದನ್ನು ಮಾಡಿಸದೆ ದೋಟಿ ಮುಟ್ಟಬೇಡಿ. ಇನ್ನೊಂದು, ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಹತ್ತಿರದ 60 ಮರಕ್ಕೆ ನಾವು ದೋಟಿ ಎತ್ತುವುದೇ ಇಲ್ಲ. ಲೈನ್ ಆಫ್ ಮಾಡಿಸಿದರೂ ಇಲ್ಲ.

ಕೊಯ್ಲಿಗೆ ಬಲೆಯದ್ದೇ ಒಂದು ಕಥೆ. ಮರ ಹತ್ತಿದರೆ ಕೊನೆ ಹಗ್ಗದಲ್ಲಿ ಜಾರಿ ಬರುತ್ತಿತ್ತು. ದೋಟಿಯಲ್ಲಿ ಕೊಯ್ದರೆ ಧೊಪ್ಪನೆ ಬಿದ್ದು ಚದುರುತ್ತದೆ. ಮೊದಲ ವರ್ಷ ಹೆಕ್ಕುವ ಕೂಲಿಯೇ ನಮ್ಮನ್ನು ತಿಂದಿತು. ಟಾರ್ಪಾಲ್ ಹಿಡಿದೆವು, ಎರಡೇ ದಿನಕ್ಕೆ ಹರಿಯಿತು. ಆಮೇಲೆ ಹೊನ್ನಾವರದಿಂದ ಹಳೆ ಮೀನು ಬಲೆ ತಂದೆ, 600 ರೂಪಾಯಿ. ಗಟ್ಟಿ ಏನೋ ಇತ್ತು. ಆದರೆ ಆ ವಾಸನೆಗೆ ಊರಿನ ನಾಯಿಗಳೆಲ್ಲ ತೋಟಕ್ಕೆ ಬಂದವು, ಅಮ್ಮ ನನ್ನನ್ನು ಬಚ್ಚಲಿಗೆ ಹೋಗದೆ ಒಳಗೆ ಬಿಡಲಿಲ್ಲ. ಒಂದು ವಾರ ಹೊಳೆಯಲ್ಲಿ ನೆನೆಸಿಟ್ಟೆ. ಈಗ ಅದೇ ಬಲೆಯನ್ನು ಎರಡು ಪದರ ಮಾಡಿ ನಾಲ್ಕು ಮೂಲೆಗೆ ಬಿದಿರು ಕಟ್ಟಿದ್ದೇವೆ. ಹತ್ತರಲ್ಲಿ ಎಂಟು ಕೊನೆ ಒಳಗೇ ಬೀಳುತ್ತದೆ. ಔಷಧಿಗೆ ನಾಝಲ್ ಕಟ್ಟುವ ಕೋನ ಮಾತ್ರ ನಮ್ಮ ಕೊನೆಗೌಡರದ್ದು. ಅದನ್ನು ನೋಡಬೇಕಾದರೆ ತೋಟಕ್ಕೇ ಬನ್ನಿ, ಅವರು ತೋರಿಸಿದರೆ ನಿಮ್ಮ ಪುಣ್ಯ.

ಎಲ್ಲ ಸರಿಹೋಯಿತು ಅಂತ ಅಲ್ಲ. ಕೊಟ್ಟೆ (ಮಳೆ ತಾಗದಂತೆ ಕೊನೆಗೆ ಹಾಕುವ ಹೊದಿಕೆ) ಕಟ್ಟಲು ಇವತ್ತಿಗೂ ಮರ ಹತ್ತಲೇಬೇಕು. ಎಲೆಚುಕ್ಕಿ ರೋಗ ಬಂದ ಮೇಲೆ ಎರಡು ಔಷಧಿ ಸಾಲುತ್ತಿಲ್ಲ, ನಿಧಿಯ ಲೆಕ್ಕ ಮತ್ತೆ ಹಾಕಬೇಕು. ಮೊದಲ ಸಭೆಗೆ ಬಂದಾಗ ಕೊನೆಗೌಡರು ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದರು, ಎಷ್ಟು ಕರೆದರೂ ಮೇಲೆ ಬರಲಿಲ್ಲ. ಈ ವರ್ಷ ಕುರ್ಚಿ ಎಳೆದುಕೊಂಡು ಕೂತು, "ನೋಟ್‌ಬುಕ್ ಕೊಡಿ" ಅಂದರು. ನನ್ನ ತೋಟದಲ್ಲಿ 640 ಮರ ಅಂತ ಬರೆದಿದ್ದೆ. "ನಾನು ಹೊಡೆದದ್ದು 671" ಅಂದರು. 31 ಮರದ ದುಡ್ಡು ಮೂರು ವರ್ಷದ್ದು ಕಟ್ಟಿದೆ. ಎಲ್ಲರೂ ಚೆನ್ನಾಗಿ ನಕ್ಕರು.

ದೊಡ್ಡಪ್ಪನೂ ಆವತ್ತು ಅಲ್ಲೇ ಇದ್ದರು. ನಗು ನಿಂತ ಮೇಲೆ, ತಮ್ಮ ತೋಟವನ್ನೂ ಸೇರಿಸಿಕೊಳ್ಳಿ ಅಂದರು. ಹೊಸದಾಗಿ ಸೇರುವವರಿಗೆ 15 ಸಾವಿರ ಅಂತ ನಾವು. ಅವರು 13ಕ್ಕೆ ನಿಂತಿದ್ದಾರೆ.