ಕಡಿಮಿ ರೊಕ್ಕದಾಗ, ನಮ್ಮ ಹುಬ್ಬಳ್ಳಿ-ಧಾರವಾಡದಾಗ, ಇಬ್ಬರು ಗಂಡಸರ ಹಳೇ ಪ್ರೀತಿಯ ಸಿನಿಮಾ ಮಾಡೋದು ಹೆಂಗ

ಮೊದಲನೇ ಪ್ರೀತಿ ಮತ್ತ ಎದುರಿಗೆ ಬರೋ ಕಥಿ ಬರಿಯಾಕ ಕುಂತ್ರ ಎಲ್ಲಾರೂ ಕಾಲೇಜ್ ಫ್ಲ್ಯಾಶ್‌ಬ್ಯಾಕ್‌ನಿಂದನ ಚಾಲೂ ಮಾಡ್ತಾರ, ಮಳಿ, ಸೈಕಲ್ಲು, ಹಾಸ್ಟೆಲ್ ರೂಮು, ಸ್ಲೋಮೋಷನ್. ಕೈಯಾಗ ರೊಕ್ಕ ಕಡಿಮಿ ಇದ್ರ ಅದನ್ನ ಪೂರಾ ತಗದ ಬಿಡ್ರಿ. ಹರೇದ ವಯಸ್ಸಿನ ಪಾತ್ರಕ್ಕ ಬ್ಯಾರೆ ಇಬ್ಬರು ಬೇಕಾಗ್ತಾರ, ಇಪ್ಪತ್ತು ವರ್ಷದ ಹಿಂದಿನ ಗಾಡಿ, ಅಂಗಡಿ ಬೋರ್ಡು, ಅಂಗಿ ಎಲ್ಲಾ ಹುಡುಕಬೇಕು, ಇಷ್ಟೆಲ್ಲಾ ಮಾಡಿದ ಮ್ಯಾಲೂ ನೋಡೋರಿಗೆ ಅದು ನಾಟಕದ ಡ್ರೆಸ್ ಹಂಗ ಕಾಣತೈತಿ. ಈ ಕಥಿಯ ಜೀವ ಇರೋದು ನಡುವಿನ ವರ್ಷದಾಗ, ಇಬ್ಬರೂ ಒಬ್ಬರಿಗೊಬ್ಬರು ಇಲ್ಲದ ಹೆಂಗ ಬಾಳ್ವೆ ಮಾಡಿದ್ರು ಅನ್ನೋದ್ರಾಗ, ಮತ್ತ ಅದನ್ನ ತೋರಸಾಕ ಇವತ್ತಿನ ಮುಖ, ಇವತ್ತಿನ ಕೈ, ಇವತ್ತಿನ ಮನಿ ಸಾಕು.

ಒಂದು ಉದಾಹರಣೆ ಹಿಡ್ಕೊಂಡ ಹೇಳ್ತೀನಿ. ಒಬ್ಬಾಂವ ಬಸು, ಧಾರವಾಡದಾಗ ಕಾಲೇಜಿನ ಬಾಜೂಕ ಝೆರಾಕ್ಸ್ ಅಂಗಡಿ ಇಟ್ಟಾನ. ಇನ್ನೊಬ್ಬಾಂವ ಶ್ರೀಧರ, ಪುಣೆದಾಗ ನೌಕರಿ, ಅಪ್ಪ ತೀರ್ಕೊಂಡ ಮ್ಯಾಲೆ ಮನಿ ಮಾರಾಕ ಬಂದಾನ, ಕಾಗದಪತ್ರ ಕಾಪಿ ತಗಸಾಕ ಅಂಗಡಿಗೆ ಬರ್ತಾನ. ಅಲ್ಲಿ ಎರಡು ಮೂರು ಹುಡುಗುರು ಪ್ರಾಜೆಕ್ಟ್ ರಿಪೋರ್ಟ್ ಹಿಡ್ಕೊಂಡ ನಿಂತಾರ, ಇವರಿಬ್ಬರಿಗೂ ಒಂದು ಮಾತ ಆಡಾಕ ಬರಂಗಿಲ್ಲ. ಬಸು ಮಷೀನ್ ಮುಚ್ಚಳ ಪೂರಾ ಮುಚ್ಚಂಗಿಲ್ಲ, ಆ ಬೆಳಕು ಎಡದಿಂದ ಬಲಕ್ಕ ಹಾಯ್ಕೊಂತ ಹೋಗ್ವಾಗ ಒಂದ್ಸಲ ಬಸೂನ ಗದ್ದ, ಮುಂದಿನ ಹಾಳಿಗೆ ಶ್ರೀಧರನ ಕಣ್ಣು, ಹಿಂಗ ಹಾಳಿ ಹಾಳಿಗೂ ಒಬ್ಬೊಬ್ಬರ ಮುಖ. ಕಾಪಿ ಇನ್ನಾ ಬಿಸಿ ಇರತೈತಿ, ಕೈಯಿಂದ ಕೈಗೆ ಹೋಗತೈತಿ. ಶ್ರೀಧರ 500ರ ನೋಟು ಕೊಡ್ತಾನ, ಬಸು ಗಲ್ಲಾ ತಗದೂ ನೋಡಲಾರದ "ಚಿಲ್ಲರ ಇಲ್ಲ, ನಾಳೆ ಕೊಡ್ರಿ" ಅಂತಾನ. ಆ ಸೀನಿಗೆ ಲೈಟ್ ಬಾಡಿಗಿ ಇಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ, ಆದ್ರ ನೋಡೋರಿಗೆ ಎಲ್ಲಾ ಗೊತ್ತಾಗತೈತಿ. ನಿಮ್ಮ ಕಥಿಯಾಗ ಅದು ಟೇಲರ್ ಅಂಗಡಿ ಇರಬಹುದು, ಬೆಟಗೇರಿ ಮಗ್ಗದ ಮನಿ ಇರಬಹುದು, ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿ ಇರಬಹುದು, ಒಟ್ಟ ಕೆಲಸದ ನೆವದಾಗ ಇಬ್ಬರ ಕೈ ಹತ್ರ ಬರಬೇಕು.

ಮಾತಿನ್ಯಾಗ ಇದನ್ನ ಲಕ್ಷ್ಯದಾಗ ಇಟ್ಕೋರಿ, ಹುಡುಗುರಾಗಿದ್ದಾಗ "ಲೇ" ಅಂದವರು ಈಗ ಮಂದಿ ಮುಂದ "ರೀ" ಅಂತಾರ, ಆ "ರೀ" ಯಾವ ಸೀನಿನ್ಯಾಗ ಬೀಳಬೇಕು ಅನ್ನೋದನ್ನ ಸ್ಕ್ರಿಪ್ಟ್‌ನ್ಯಾಗ ಮೊದಲ ಗುರ್ತ ಮಾಡ್ರಿ, ಬಾಯಿಗೆ ಬಂದಾಗ ಬಂದಂಗ ಬಿಡಬ್ಯಾಡ್ರಿ.

ಪಾತ್ರದ ವಯಸ್ಸು ನಿಕ್ಕಿ ಮಾಡ್ವಾಗ ಕಾನೂನಿನ ತಾರೀಖು ಎದುರಿಗೆ ಇರ್ಲಿ. 2009 ಜುಲೈ 2ಕ್ಕ ದಿಲ್ಲಿ ಹೈಕೋರ್ಟು, ಗಂಡಸರಿಬ್ಬರ ಸಂಬಂಧನ ಅಪರಾಧ ಅಂತಿದ್ದ 377ನೇ ಕಲಂನ ಒಪ್ಪಿಗಿಯಿಂದ ಕೂಡೋ ವಯಸ್ಕರಿಗೆ ಹಚ್ಚಬಾರದು ಅಂತು, 2013 ಡಿಸೆಂಬರ್ 11ಕ್ಕ ಸುಪ್ರೀಂ ಕೋರ್ಟು ಆ ತೀರ್ಪನ್ನ ಕೆಡವಿತು, 2018 ಸೆಪ್ಟೆಂಬರ್ 6ಕ್ಕ ಅದ ಸುಪ್ರೀಂ ಕೋರ್ಟು ಒಪ್ಪಿಗಿಯ ಸಂಬಂಧ ಅಪರಾಧ ಅಲ್ಲ ಅಂತ ಹೇಳಿತು. ಅಂದ್ರ 1999ರಾಗ ಬ್ಯಾರೆ ಆದ ಜೋಡಿಯ ಅಂಜಿಕಿ ಬ್ಯಾರೆ, 2012ರಾಗ ಸ್ವಲ್ಪ ಧೈರ್ಯ ಬಂದು ಮುಂದಿನ ವರ್ಷ ಅದೂ ಹೋದವರ ಅಂಜಿಕಿ ಬ್ಯಾರೆ. ಹಂಗಂತ ಎಲ್ಲಾ ತಪ್ಪೂ ಕಾನೂನಿನ ತಲಿಮ್ಯಾಲೆ ಹಾಕಬ್ಯಾಡ್ರಿ, ನಮ್ಮ ಕಡೆ ಹೆಚ್ಚಾಗಿ ಜೋಡಿ ಒಡೆಯೋದು ಕನ್ಯಾ ನೋಡಾಕ ಹೋಗೋ ದಿನ, ಇಲ್ಲಾ ನೌಕರಿ ಆರ್ಡರ್ ಬಂದ ದಿನ, ಮನ್ಯಾಗ ಯಾರೂ ಬೈದಿರಂಗಿಲ್ಲ, ಹೊಡದಿರಂಗಿಲ್ಲ, ಸುಮ್ನ ಎಲ್ಲಾ ಮುಗದ ಹೋಗಿರತೈತಿ. 2023 ಅಕ್ಟೋಬರ್ 17ರ ಸುಪ್ರೀಂ ಕೋರ್ಟಿನ ತೀರ್ಪಿನ್ಯಾಗ ಇಂಥ ಜೋಡಿಯ ಮದುವಿಗೆ ಮಾನ್ಯತೆ ಸಿಕ್ಕಿಲ್ಲ, ಅದಕ್ಕ ಕೊನಿಗೆ ರಜಿಸ್ಟರ್ ಆಫೀಸಿನ್ಯಾಗ ಹಾರ ಬದಲಾಯಿಸೋ ಸೀನು ಇಟ್ರ ಸುಳ್ಳಾಗತೈತಿ. ಆದ್ರ ಇಬ್ಬರೂ ಕೂಡಿ ಬಾಡಿಗಿ ಮನಿ ಹುಡುಕೋ ಸೀನು ಸುಳ್ಳಲ್ಲ, ಮನಿ ಮಾಲಕರು "ಫ್ಯಾಮಿಲಿ ಬರೋದ್ಯಾವಾಗ" ಅಂತ ಕೇಳ್ತಾರಲ್ಲ, ಅದೊಂದ ಪ್ರಶ್ನಿ ಮ್ಯಾಲೆ ಐದು ನಿಮಿಷದ ಸೀನು ನಿಲ್ಲತೈತಿ. ಇಬ್ಬರಾಗ ಒಬ್ಬರನ್ನ ಸಾಯಿಸಿ ಸಿನಿಮಾ ಮುಗಸಬ್ಯಾಡ್ರಿ, ದಯಮಾಡಿ. ನಮ್ಮಂಥವರು ಪರದೆ ಮ್ಯಾಲೆ ಸಾಯೋದನ್ನ ಭಾಳ ನೋಡೇವಿ, ಇಬ್ಬರು ನಡುವಯಸ್ಸಿನ ಗಂಡಸರು ಸಂತಿ ಮಾಡಿ ಕಾಯಿಪಲ್ಲೆ ಚೀಲ ಹಿಡ್ಕೊಂಡ ಮನಿಗೆ ಬರೋದನ್ನ ನೋಡೋದ ಅಪರೂಪ.

ಒಬ್ಬಾಂವಗ ಮದುವಿ ಆಗೇತಿ ಅಂದ್ರ ಆ ಹೆಣ್ಣುಮಗಳಿಗೆ ಒಂದು ಪೂರಾ ಸೀನು ಕೊಡ್ರಿ. ಆಕಿಗೂ ಯಾರೂ ಏನೂ ಕೇಳಿಲ್ಲ, ಆಕಿ ವರ್ಷಗಳೂ ಹೋಗ್ಯಾವ. ಆಕಿನ್ನ ಕೆಟ್ಟಾಕಿ ಮಾಡಿದ್ರ ನಿಮ್ಮ ಪ್ರೇಮಕಥಿನ ಹಗುರ ಆಗತೈತಿ.

ಆ್ಯಕ್ಟರ್ ಸಲುವಾಗಿ ಬೆಂಗಳೂರಿಗೆ ಹೋಗೋದೇನ ಬೇಕಿಲ್ಲ. ಧಾರವಾಡದಾಗ ರಂಗಾಯಣ ಐತಿ, ಹವ್ಯಾಸಿ ನಾಟಕದ ತಂಡ ಅದಾವ, ನಮ್ಮ ಭಾಷೆ ಬಾಯಾಗ ಇರೋ ಮಂದಿ ಅವರು. ಆದ್ರ ಮೊದಲನೇ ಫೋನಿನ್ಯಾಗನ ಇದು ಇಬ್ಬರು ಗಂಡಸರ ಪ್ರೀತಿ ಕಥಿ ಅಂತ ಹೇಳ್ರಿ, ರಿಹರ್ಸಲ್‌ಗೆ ಕರದ ಮ್ಯಾಲೆ ಹೇಳೋದು ಮೋಸ. ಯಾವ ಸೀನಿನ್ಯಾಗ ಎಲ್ಲಿ ಮುಟ್ಟೋದು, ಮುದ್ದು ಐತೋ ಇಲ್ಲೋ, ಪೋಸ್ಟರ್‌ನ್ಯಾಗ ಯಾರ ಮುಖ, ಸಿನಿಮಾ ಎಲ್ಲೆಲ್ಲಿ ತೋರಸ್ತೀರಿ, ಎಲ್ಲಾ ಒಂದು ಹಾಳಿ ಮ್ಯಾಲೆ ಕನ್ನಡದಾಗ ಬರದು ಇಬ್ಬರ ಕಡೆಯಿಂದನೂ ಸಹಿ ಮಾಡಸ್ರಿ, ಮತ್ತ ಶೂಟಿಂಗ್ ದಿನಾನೂ "ಇದು ಬ್ಯಾಡ" ಅನ್ನೋ ಹಕ್ಕು ಅವರಿಗೆ ಇರಬೇಕು. ಹತ್ತಿರದ ಸೀನನ್ನ ಡ್ಯಾನ್ಸ್ ಸ್ಟೆಪ್ ಕಲಿಸಿದಂಗ ಮೊದಲ ಎಣಿಸಿ ಕಲಸ್ರಿ, ಆಮ್ಯಾಲೆ ಕ್ಯಾಮೆರಾ, ಸೌಂಡ್, ಡೈರೆಕ್ಟರ್ ಬಿಟ್ರ ಉಳದವರೆಲ್ಲಾ ಹೊರಗ. ತಂಡದಾಗ ಮನಿಗೆ ಹೇಳದ ಬಂದ ಹುಡುಗುರು ಇರ್ತಾರ, ಅವರ ಹೆಸರು ಟೈಟಲ್‌ನ್ಯಾಗ ಹೆಂಗ ಬರಬೇಕು ಅಂತ ಅವರನ್ನ ಕೇಳ್ರಿ, ಮತ್ತ ಸೆಟ್ಟಿನ ಫೋಟೋ ಯಾರೂ ಸ್ಟೇಟಸ್ ಇಡಬಾರದು.

ಕ್ಯಾಮೆರಾ ವಿಷಯ ಸಣ್ಣದು. ಒಳ್ಳೆ ಫೋನ್ ಸಾಕು, ಸೆಕೆಂಡಿಗೆ 24 ಅಥವಾ 25 ಫ್ರೇಮ್, ಶಟರ್ ಸೆಕೆಂಡಿನ 50ರಾಗ ಒಂದು ಭಾಗ, ಯಾಕಂದ್ರ ನಮ್ಮ ಕರೆಂಟು 50 ಹರ್ಟ್ಜ್, ಅದಕ್ಕ ಹೊಂದದ ಶಟರ್ ಇಟ್ರ ಟ್ಯೂಬ್‌ಲೈಟ್ ಮಿಣಮಿಣ ಅಂತ ಪಟ್ಟಿ ಪಟ್ಟಿ ಬರತೈತಿ. ಝೆರಾಕ್ಸ್ ಬೆಳಕಿಂದಂತೂ ಹಿಂದಿನ ದಿನಾನ ಟೆಸ್ಟ್ ಮಾಡ್ರಿ. ಎಡಿಟಿಂಗ್, ಕಲರ್ ಎರಡಕ್ಕೂ ಡವಿಂಚಿ ರಿಸಾಲ್ವ್ ಅನ್ನೋ ಸಾಫ್ಟ್‌ವೇರಿನ ಫ್ರೀ ವರ್ಷನ್ ನಡೀತೈತಿ.

ರೊಕ್ಕ ಹಾಕೋದಿದ್ರ ಸೌಂಡಿಗೆ ಹಾಕ್ರಿ. ಚಿತ್ರ ಸ್ವಲ್ಪ ಮಬ್ಬ ಇದ್ರ ಮಂದಿ ಸಹಿಸ್ತಾರ, ಮಾತ ಕೇಳಸಲಿಲ್ಲ ಅಂದ್ರ ಎದ್ದ ಹೋಗ್ತಾರ, ಅದೂ ಇಂಥ ಕಥಿಯಾಗ ಅರ್ಧ ಮಾತು ಉಸಿರಿನ್ಯಾಗನ ಇರತೈತಿ. ಅಂಗಿಗೆ ಸಿಗಿಸೋ ಎರಡು ಮೈಕು, ಕೋಲಿಗೆ ಕಟ್ಟಿ ತಲಿ ಮ್ಯಾಲೆ ಹಿಡಿಯೋ ಒಂದು ಬೂಮ್ ಮೈಕು ಬಾಡಿಗಿ ತಗೋರಿ. ಫ್ಯಾನ್ ಬಂದ್, ಫ್ರಿಜ್ ಬಂದ್, ಫ್ರಿಜ್ ಬಂದ್ ಮಾಡಿದವರು ತಮ್ಮ ಗಾಡಿ ಕೀಲಿ ಅದರೊಳಗ ಇಡಬೇಕು, ಅಂದ್ರ ಹೋಗ್ವಾಗ ಚಾಲೂ ಮಾಡೋದು ನೆನಪಾಗತೈತಿ, ಮನಿಯವರ ಹಾಲು ಮೊಸರು ಕೆಡಂಗಿಲ್ಲ. ಪ್ರತಿ ಜಾಗಾದಾಗ ಎಲ್ಲಾರೂ ಸುಮ್ನ ನಿಂತು ಅರ್ಧ ನಿಮಿಷ ಖಾಲಿ ಸಪ್ಪಳ ರೆಕಾರ್ಡ್ ಮಾಡ್ರಿ, ಎಡಿಟಿಂಗ್‌ನ್ಯಾಗ ಎರಡು ಡೈಲಾಗ್ ಜೋಡಸಾಕ ಅದ ಬೇಕು. ಕುಕ್ಕರ್ ಸೀಟಿ, ಮಸೀದಿ ಬಾಂಗು, ಗುಡಿ ಗಂಟಿ, ಪಕ್ಕದ ಮನಿ ಧಾರಾವಾಹಿ, ಇವನ್ನೂ ಬ್ಯಾರೆ ಬ್ಯಾರೆ ಹಿಡದ ಇಟ್ಕೋರಿ, ಇಬ್ಬರು ಮಾತಾಡದ ಕುಂತಾಗ ಊರ ಮಾತಾಡಬೇಕಲ್ಲ. ಸೌಂಡ್ ಆದ ಮ್ಯಾಲೆ ರೊಕ್ಕ ಊಟಕ್ಕ, ಆಮ್ಯಾಲೆ ಶೂಟ್ ಮಾಡಿದ್ದರ ಕಾಪಿ ಇಡಾಕ ಎರಡು ಹಾರ್ಡ್‌ಡಿಸ್ಕಿಗೆ, ಎರಡೂ ಒಂದ ಮನ್ಯಾಗ ಇಡಬ್ಯಾಡ್ರಿ. ಸಂಜಿಮುಂದ ಗಿರ್ಮಿಟ್, ಮಿರ್ಚಿ ಬಂದ್ರ ತಂಡ ರಾತ್ರಿ ಶಿಫ್ಟಿಗೂ ಕೈ ಹಚ್ಚತೈತಿ.

ಲೊಕೇಶನ್‌ನ್ಯಾಗ ಆಸೆ ಬುರುಕತನ ಬ್ಯಾಡ. ಹುಬ್ಬಳ್ಳಿ ಸ್ಟೇಶನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಮ್ಯಾಲೆ ಬೀಳ್ಕೊಡೋ ಸೀನು ಎಲ್ಲಾರಿಗೂ ಬೇಕು, ಆದ್ರ ರೈಲ್ವೆ ಪರ್ಮಿಷನ್ ಬೇಕು, ಫೀ ಕಟ್ಟಬೇಕು. ಲಕ್ಕುಂಡಿ ಗುಡಿಗೋಳು ಪುರಾತತ್ವ ಇಲಾಖೆ ಕೈಯಾಗ ಅದಾವ, ಅಲ್ಲೂ ಪರ್ಮಿಷನ್. ಸಣ್ಣ ತಂಡಕ್ಕ ಯಾರದೋ ಮನಿ ಪಡಸಾಲಿ, ಮಾಳಿಗಿ, ಗೆಳ್ಯಾನ ಅಂಗಡಿ, ರಾತ್ರಿ ಶಟರ್ ಇಳದ ಮ್ಯಾಲಿನ ಓಣಿ ಸಾಕು, ಅಲ್ಲೂ ಓನರ್‌ಗೆ ಕಥಿ ಏನು ಅಂತ ಖರೇ ಹೇಳಿ ಒಪ್ಪಿಗಿ ಬರಸ್ಕೋರಿ. ಜೂನ್‌ನಿಂದ ಆಗಸ್ಟ್‌ತನಕ ಧಾರವಾಡದ ಜಿಟಿಜಿಟಿ ಮಳಿ ಪರದೆ ಮ್ಯಾಲೆ ಭಾಳ ಚಂದ, ಆದ್ರ ಒಂದು ಶಾಟ್‌ನ್ಯಾಗ ರೋಡ್ ಹಸಿ, ಇನ್ನೊಂದರಾಗ ಒಣ, ಹಂಗ ಆಗಬಾರದು ಅಂದ್ರ ಹೊರಗಿನ ಸೀನು ಇರೋ ದಿನಕ್ಕ ಒಂದು ಒಳಗಿನ ಸೀನೂ ತಯಾರ ಇಟ್ಕೊಂಡಿರಬೇಕು.

ಹಾಡಿನ ವಿಷಯಕ್ಕ ಮೊದಲ ಹೇಳ್ತೀನಿ, ಧಾರವಾಡದ ಪ್ರೀತಿ ಅಂದ ಕೂಡಲೇ ಬೇಂದ್ರೆ ಸಾಲು ಬಾಯಿಗೆ ಬರತೈತಿ, ಆದ್ರ ಬೇಂದ್ರೆಯವರು ತೀರಿಕೊಂಡಿದ್ದು 1981ರಾಗ, ನಮ್ಮ ಕಾಯ್ದೆ ಪ್ರಕಾರ ಕವಿ ತೀರಿದ ಮ್ಯಾಲೆ 60 ವರ್ಷ ಕಾಪಿರೈಟ್ ಇರತೈತಿ, ಅಂದ್ರ 2041 ಮುಗಿಯೋತನಕ ಪರ್ಮಿಷನ್ ಬೇಕು. ಶಿಶುನಾಳ ಶರೀಫರ ಪದಕ್ಕ ಆ ತೊಂದ್ರಿ ಇಲ್ಲ, ಅವರು 1889ರಾಗ ತೀರ್ಕೊಂಡ್ರು, ಆದ್ರ ಯಾರೋ ಹಾಡಿದ ಕ್ಯಾಸೆಟ್ಟಿಂದ ಎತ್ತಬ್ಯಾಡ್ರಿ, ಆ ರೆಕಾರ್ಡಿಂಗ್ ಹಕ್ಕು ಬ್ಯಾರೆಯವರದು. ಧಾರವಾಡ, ಗದಗದಾಗ ಸಂಗೀತ ಕಲಿಯೋ ಹುಡುಗುರಿಗೆ ಬರಗಾಲ ಇಲ್ಲ, ಒಬ್ಬರನ್ನ ಕರದು, ರೊಕ್ಕ ಕೊಟ್ಟು, ಬರೇ ತಂಬೂರಿ ಮ್ಯಾಲೆ ಹಾಡಸ್ರಿ.

ಸಿನಿಮಾ ಆದ ಕೂಡಲೇ ಯೂಟ್ಯೂಬ್‌ಗೆ ಹಾಕಬ್ಯಾಡ್ರಿ. ಅಲ್ಲಿಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಿಲ್ಲ ಖರೇ, ಟಾಕೀಸಿನ್ಯಾಗ ತೋರಸಾಕ ಬೇಕು, ಆದ್ರ ನೆಟ್ಟಿನ್ಯಾಗ ಬಂದ ಸಿನಿಮಾನ ಕೆಲವು ಫೆಸ್ಟಿವಲ್‌ನವರು ತಗೊಳಂಗಿಲ್ಲ. ಮುಂಬೈದಾಗ 2010ರಿಂದ ನಡಿಯೋ ಕಶಿಶ್, ಬೆಂಗಳೂರಿನ ಕ್ವಿಯರ್ ಫಿಲ್ಮ್ ಫೆಸ್ಟಿವಲ್, ಎರಡೂ ಇಂಥ ಕಥಿಗಳ ಸಲುವಾಗಿನ ಇರೋ ಫೆಸ್ಟಿವಲ್, ಇವಕ್ಕ ಮೊದಲ ಕಳಸ್ರಿ, ಇಂಗ್ಲಿಷ್ ಸಬ್‌ಟೈಟಲ್ ನಮ್ಮ ಕಡೆ ಮಾತು ತಿಳಿಯೋರ ಕಡೆಯಿಂದ ಮಾಡಸ್ರಿ. ಶಾರ್ಟ್ ಫಿಲ್ಮ್‌ಗೆ ಭಾಳ ಕಡೆ 40 ನಿಮಿಷದ ಒಳಗ ಅಂತಾರ, ಅದಕ್ಕ 25 ಪುಟದ ಮ್ಯಾಲೆ ಬರಿಬ್ಯಾಡ್ರಿ, ಮೌನ ಜಾಸ್ತಿ ಇರೋ ಸ್ಕ್ರಿಪ್ಟಿಗೆ ಪುಟಕ್ಕೊಂದು ನಿಮಿಷದ ಲೆಕ್ಕ ಹಿಡಿಯಂಗಿಲ್ಲ.

ಮತ್ತ ನಮ್ಮೂರಾಗೂ ಒಂದು ಶೋ ಆಗಬೇಕು, ಅದು ಯಾವ ಫೆಸ್ಟಿವಲ್‌ಗಿಂತ ಕಡಿಮಿ ಅಲ್ಲ. ಸಣ್ಣ ಹಾಲ್, ಗುರ್ತಿನವರ ಮೂಲಕ ಕರಿಯೋದು, ಫೋನ್ ಬಾಗಲಾಗ ಇಸ್ಕೊಳ್ಳೋದು, ಫೋಟೋ, ರೀಲ್ಸ್ ಇಲ್ಲ ಅಂತ ದಪ್ಪ ಅಕ್ಷರದಾಗ ಹಚ್ಚೋದು. ಹಿಂದಿನ ಬಾಗಲ ತಗದ ಇಡ್ರಿ, ಟೈಟಲ್ ಮುಗಿಯೋತನಕ ಲೈಟ್ ಹಚ್ಚಬ್ಯಾಡ್ರಿ, ಯಾರಿಗೂ ಮುಖ ತೋರಿಸದ ಹೋಗಬೇಕಾದವರು ಬಂದಿರ್ತಾರ. ಮಾತಾಡಬೇಕು ಅನ್ನೋರಿಗೆ ಚಾದ ಕೂಡ ಒಂದು ತಾಸು ಇಟ್ಕೋರಿ, ಹಾಲ್ ಬುಕ್ ಮಾಡ್ವಾಗ ಆ ತಾಸನ್ನೂ ಸೇರಿಸಿ ಬಾಡಿಗಿ ಮಾತಾಡ್ರಿ.