ಹಳೆ ಸ್ಟೂಲಿಗೆ ಹೊಸ ಚಿತ್ತಾರ

ಬಣ್ಣ ಮಾಸಿದ ಸ್ಟೂಲ್, ಗೀರು ಬಿದ್ದ ಟೀಪಾಯಿ, ಮೂಲೆ ಸೇರಿದ ಪುಟ್ಟ ಕಪಾಟು. ಬಿಸಾಡಲು ಮನಸ್ಸಿಲ್ಲ, ಎದುರಿಗೆ ಇಡಲು ಚಂದವಿಲ್ಲ, ಅಲ್ವಾ? ಅದರ ಮೇಲೆ ಚಿತ್ತಾರ ಬರೆಯಬಹುದು. ಮೊದಲ ಸಲವಾದರೆ ಸ್ಟೂಲನ್ನೇ ಹಿಡಿಯಿರಿ. ಕಪಾಟಿಗೆ ಕೈ ಹಾಕಿದರೆ ಅರ್ಧಕ್ಕೇ ಬೇಜಾರಾಗುತ್ತದೆ.

ಮೊದಲು ಅಲುಗಾಡಿಸಿ ನೋಡಿ. ಕಾಲು ಸಡಿಲವಿದ್ದರೆ ಮರದ ಅಂಟು ಹಾಕಿ, ಹಗ್ಗದಿಂದ ಬಿಗಿದು ಒಂದು ದಿನ ಬಿಡಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳ ಇರಬಹುದು, ಅದಕ್ಕೆ ಮದ್ದು ಮಾಡಿ ಮುಂದುವರಿಯಿರಿ. ಮರದ ಗೆರೆಗಳೇ ಚೆಂದ ಇದ್ದರೆ ಬಣ್ಣ ಬೇಡ, ಪಾಲಿಶ್ ಸಾಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಸೋಪು ನೀರಿನಲ್ಲಿ ಜಿಡ್ಡು ತೆಗೆದು ಒಣಗಿಸಿ. ಗುಂಡಿ, ಬಿರುಕುಗಳಿಗೆ ಪುಟ್ಟಿ ತುಂಬಿ. ಆಮೇಲೆ 120 ನಂಬರಿನ ಉಪ್ಪುಕಾಗದ, ನಂತರ 220. ಮರದ ಗೆರೆ ಹೋದ ದಿಕ್ಕಿಗೇ ಉಜ್ಜಬೇಕು. ಹಳೆ ಪಾಲಿಶ್ ಪೂರ್ತಿ ಕೀಳಬೇಕಿಲ್ಲ, ಹೊಳಪು ಹೋದರೆ ಸಾಕು. ಆದರೆ ತುಂಬ ಹಳೆ ಬಣ್ಣವಿದ್ದರೆ ಹುಷಾರು. ಅದರಲ್ಲಿ ಸೀಸ ಇರಬಹುದು. ಅಮೆರಿಕದಲ್ಲೇ ಮನೆ ಬಳಕೆಯ ಬಣ್ಣದಲ್ಲಿ ಸೀಸ ನಿಷೇಧವಾಗಿದ್ದು 1978ರಲ್ಲಿ. ಅನುಮಾನವಿದ್ದರೆ ಪರೀಕ್ಷೆ ಮಾಡಿಸುವವರೆಗೂ ಉಜ್ಜಬೇಡಿ, ಆ ಧೂಳು ಮಕ್ಕಳಿಗಂತೂ ವಿಷ.

ಇನ್ನು ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಬಳಿಯುವ ತಳಕೋಟ್. ಇದನ್ನು ಬಿಟ್ಟು ನಾನೊಮ್ಮೆ ಚೆನ್ನಾಗಿ ಪೆಟ್ಟು ತಿಂದೆ. ಕಡು ಕಂದು ಸ್ಟೂಲಿಗೆ ನೇರ ಬಿಳಿ ಬಣ್ಣ ಬಳಿದೆ. ಎರಡೇ ದಿನಕ್ಕೆ ಟೀ ಚೆಲ್ಲಿದಂಥ ಕಲೆಗಳು ಎದ್ದವು. ಇನ್ನೊಂದು ಕೋಟ್ ಕೊಟ್ಟೆ, ಮತ್ತೆ ಬಂದವು. ಮರದೊಳಗಿನ ಟ್ಯಾನಿನ್ ಎಂಬ ಒಗರು ಅಂಶ ನೀರಿನ ಬಣ್ಣದಲ್ಲಿ ಕರಗಿ ಮೇಲೇಳುತ್ತದೆ, ಅಷ್ಟೇ ವಿಷಯ. ಅರಗಿನಿಂದ ಮಾಡಿದ ಶೆಲ್ಲಾಕ್ ಪ್ರೈಮರ್ ಒಂದು ಕೋಟ್ ಕೊಟ್ಟರೆ ಅದು ಒಳಗೇ ಉಳಿಯುತ್ತದೆ.

ಪ್ರೈಮರ್ ಒಣಗಿದ ಮೇಲೆ ಅಕ್ರಿಲಿಕ್ ಅಥವಾ ಚಾಕ್ ಪೇಂಟ್ (ಹೊಳಪಿಲ್ಲದ ಬಣ್ಣ), ತೆಳುವಾಗಿ ಎರಡು ಕೋಟ್. ದಪ್ಪಗೆ ಬಳಿದರೆ ಇಳಿದು ಗೆರೆ ಬೀಳುತ್ತದೆ.

ಈಗ ಚಿತ್ತಾರ. ಮೈಯೆಲ್ಲ ತುಂಬಬೇಡಿ. ಸ್ಟೂಲಿನ ನಡುಭಾಗವೋ, ಡ್ರಾಯರಿನ ಮುಖವೋ, ಒಂದೇ ಜಾಗ ಆರಿಸಿ. ಸ್ಟೆನ್ಸಿಲ್ (ಚಿತ್ತಾರ ಕತ್ತರಿಸಿದ ಹಾಳೆ) ಆದರೆ ಟೇಪಿನಿಂದ ಬಿಗಿಯಾಗಿ ಅಂಟಿಸಿ. ಬ್ರಷ್ಷಿನ ತುದಿಯನ್ನಷ್ಟೇ ಬಣ್ಣಕ್ಕೆ ಮುಟ್ಟಿಸಿ, ಹಳೆ ಬಟ್ಟೆಯ ಮೇಲೆ ಒತ್ತಿ ಒತ್ತಿ ತೆಗೆಯಿರಿ. ಬಣ್ಣ ಖಾಲಿಯಾಯ್ತೇನೋ ಅನ್ನಿಸಬೇಕು, ಅಷ್ಟು ಒಣಗಿರಲಿ. ಬ್ರಷ್ ನೆಟ್ಟಗೆ ಹಿಡಿದು ಅಂಚಿನಿಂದ ಒಳಕ್ಕೆ ತಟ್ಟುತ್ತಾ ಹೋಗಿ, ಎಳೆಯಬೇಡಿ. ಎಳೆದರೆ ಬಣ್ಣ ಅಂಚಿನ ಕೆಳಗೆ ನುಸುಳುತ್ತದೆ. ಮುಗಿದ ಮೇಲೆ ಸ್ಟೆನ್ಸಿಲನ್ನು ಜಾರಿಸದೆ ನೇರ ಮೇಲಕ್ಕೆತ್ತಿ. ಕೈಯಿಂದಲೇ ಬರೆಯುವವರು ಚಿತ್ರದ ಕಾಗದದ ಹಿಂಭಾಗಕ್ಕೆ ಪೆನ್ಸಿಲ್ ಉಜ್ಜಿ, ಮರದ ಮೇಲಿಟ್ಟು ತಿದ್ದಿದರೆ ಗೆರೆ ಮೂಡುತ್ತದೆ. ತಪ್ಪಾದರೆ ಹಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಲ್ಲ ಒಣಗಿದ ಮೇಲೆ ವಾರ್ನಿಶ್. ತಿಳಿ ಬಣ್ಣಗಳ ಮೇಲೆ ನೀರಿನ ವಾರ್ನಿಶ್ಶೇ ಇರಲಿ, ಎಣ್ಣೆಯದು ಬರಬರುತ್ತಾ ಹಳದಿಯಾಗುತ್ತದೆ. ಮೇಲ್ಮೈಗೆ ತೆಳುವಾಗಿ ಮೂರು ಕೋಟ್ ಬೇಕು. ಮುಟ್ಟಿದರೆ ಕೆಲವೇ ಗಂಟೆಗಳಲ್ಲಿ ಒಣಗಿದಂತೆ ಕಾಣುತ್ತದೆ, ಆದರೆ ಪೂರ್ತಿ ಗಟ್ಟಿಯಾಗಲು ಕೆಲವು ವಾರಗಳೇ ಬೇಕು. ಅಲ್ಲಿಯವರೆಗೆ ಬಿಸಿ ಲೋಟ ಇಡಬೇಡಿ. ನಾನು ಇಟ್ಟೆ, ದುಂಡನೆಯ ಗುರುತು ಬಿತ್ತು. ಅದರ ಸುತ್ತ ಎಸಳು ಬರೆದು ಸುಮ್ನೆ ಹೂವು ಮಾಡಿಬಿಟ್ಟೆ.