ಮೊದಲು ಹುಳು, ಆಮೇಲೆ ಗೈಡ್, ಕೊನೆಗೆ ಯೂನಿವರ್ಸಿಟಿ: ಫ್ಲೋರಿಡಾದಲ್ಲಿ ಕೀಟಶಾಸ್ತ್ರ ಓದಲು ಹೊರಟವರಿಗೆ

2018ರ ಮಳೆಗಾಲ. ನಾನು ಶಿವಮೊಗ್ಗದ ನವುಲೆ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ಶಿಕಾರಿಪುರದ ಹತ್ತಿರದ ಊರಿನಿಂದ ಅಪ್ಪ ಫೋನ್ ಮಾಡಿದರು. "ಜೋಳದ ಸುಳಿ ತುಂಬ ಮರದ ಹೊಟ್ಟು ಸುರಿದಂಗೆ ಆಗಿದೆ. ಏನಮ್ಮಾ ಇದು?" ಅಂದರು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕಾಲೇಜಿನ ಮೇಷ್ಟ್ರುಗಳೇ ಆ ಹುಳವನ್ನು ಭಾರತದಲ್ಲಿ ಮೊದಲ ಸಲ ಪತ್ತೆ ಮಾಡಿದ್ದರು. ಫಾಲ್ ಸೈನಿಕ ಹುಳು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ, ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಚುಕ್ಕೆ. ಅದರ ತವರು ಅಮೆರಿಕ. ಉತ್ತರದಲ್ಲಿ ಚಳಿ ಬಿದ್ದರೆ ಅದು ಬದುಕುವುದಿಲ್ಲ. ದಕ್ಷಿಣ ಫ್ಲೋರಿಡಾ, ಟೆಕ್ಸಾಸ್ ಕಡೆ ಉಳಿದುಕೊಂಡು, ಬಿಸಿಲು ಏರಿದ ಮೇಲೆ ಪತಂಗಗಳು ಮತ್ತೆ ಉತ್ತರಕ್ಕೆ ಹಾರುತ್ತವೆ.

ಆ ಹುಳದ ಬೆನ್ನು ಹತ್ತಿಯೇ ನಾನು ಫ್ಲೋರಿಡಾಕ್ಕೆ ಬಂದಿದ್ದು. ಶಿವಮೊಗ್ಗ ಆದಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಎಂಎಸ್ಸಿ ಮಾಡಿದೆ. 2023ರ ಆಗಸ್ಟ್‌ನಿಂದ ಗೇನ್ಸ್‌ವಿಲ್‌ನ ಯೂನಿವರ್ಸಿಟಿ ಆಫ್ ಫ್ಲೋರಿಡಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೂನಿಯರ್‌ಗಳು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಕ್ಕಾ, ಯಾವ ಯೂನಿವರ್ಸಿಟಿಗೆ ಅಪ್ಲೈ ಮಾಡ್ಲಿ?" ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನಿಮ್ಮ ಹುಳು ಯಾವುದು ಅಂತ ತಿಳಿದುಕೊಳ್ಳಿ. ಆಮೇಲೆ ಆ ಹುಳದ ಮೇಲೆ ಯಾರು ಕೆಲಸ ಮಾಡುತ್ತಿದ್ದಾರೆ ನೋಡಿ. ಅವರು ಇರುವ ಜಾಗವೇ ನಿಮ್ಮ ಯೂನಿವರ್ಸಿಟಿ.

ಕೀಟಕ್ಕೂ ನೆಮಟೋಡಿಗೂ ಏನು ನಂಟು?

ಇಲ್ಲಿನ ವಿಭಾಗದ ಹೆಸರೇ ಎಂಟಮಾಲಜಿ ಮತ್ತು ನೆಮಟಾಲಜಿ, ಅಂದರೆ ಕೀಟಶಾಸ್ತ್ರ ಮತ್ತು ನೆಮಟೋಡುಗಳ ಶಾಸ್ತ್ರ. ನೆಮಟೋಡ್ ಅಂದರೆ ದಾರದಂಥ ಸಣ್ಣ ದುಂಡುಹುಳು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲೂ ಇದೇ ಜೋಡಿ ಹೆಸರಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ (ಐಎಆರ್‌ಐ) ಎರಡೂ ಬೇರೆ ಬೇರೆ ವಿಭಾಗ. ಹಾಗಾಗಿ ನಮ್ಮವರಿಗೆ ಮೊದಲು ಗೊಂದಲ ಆಗುತ್ತದೆ. ಕೀಟಕ್ಕೆ ಆರು ಕಾಲು, ನೆಮಟೋಡಿಗೆ ಕಾಲೇ ಇಲ್ಲ, ಎರಡನ್ನೂ ಒಟ್ಟಿಗೆ ಯಾಕೆ ಇಟ್ಟರು ಅಂತ.

ಎರಡೂ ಸೇರುವುದು ಮಣ್ಣಿನಲ್ಲಿ. ಮೋಲ್ ಕ್ರಿಕೆಟ್ ಅಂತ ನೆಲ ತೋಡುವ ಕೀಟ ಒಂದಿದೆ. ದಕ್ಷಿಣ ಅಮೆರಿಕದಿಂದ ಬಂದ ಈ ಕೀಟ ಫ್ಲೋರಿಡಾದ ಹುಲ್ಲುಗಾವಲುಗಳನ್ನೇ ಹಾಳು ಮಾಡುತ್ತಿತ್ತು. ಇಲ್ಲಿನವರು ಅದರ ತವರಿನ ಕಡೆಗೇ ಹೋಗಿ ಹುಡುಕಿದರು. ಉರುಗ್ವೆಯಲ್ಲಿ ಅದನ್ನು ಕೊಲ್ಲುವ ಒಂದು ನೆಮಟೋಡ್ ಸಿಕ್ಕಿತು. ಅದನ್ನು ತಂದು 1985ರಲ್ಲಿ ಹೊಲಗಳಿಗೆ ಬಿಟ್ಟರು. ಅದರ ಹೆಸರು ಸ್ಟೈನರ್ನೀಮಾ ಸ್ಕಾಪ್ಟೆರಿಸ್ಕಿ. ಕೀಟದ ಕಥೆ ಗೊತ್ತಿಲ್ಲದವರಿಗೆ ಈ ನೆಮಟೋಡ್ ಸಿಗುತ್ತಿರಲಿಲ್ಲ. ನೆಮಟೋಡ್ ಗೊತ್ತಿಲ್ಲದವರು ಆ ಕೀಟವನ್ನು ತಡೆಯಲು ಆಗುತ್ತಿರಲಿಲ್ಲ.

ನಾನು ಸೈನಿಕ ಹುಳದಿಂದ ನೆಮಟೋಡ್ ಕಡೆ ತಿರುಗಿದ್ದು ಜಿಕೆವಿಕೆಯ ದಿನಗಳಲ್ಲಿ, ಒಂದೇ ರಾತ್ರಿಯಲ್ಲಿ. ಹೆಟೆರೋರ್‍ಹಾಬ್ಡಿಟಿಸ್ ಎಂಬ ನೆಮಟೋಡನ್ನು ಮೇಣದ ಪತಂಗದ ಮರಿಗಳ ಮೇಲೆ ಬಿಟ್ಟಿದ್ದೆವು. ಎರಡು ದಿನಕ್ಕೆ ಮರಿಗಳು ಸತ್ತು ಇಟ್ಟಿಗೆ ಬಣ್ಣಕ್ಕೆ ತಿರುಗಿದವು. ಸೀನಿಯರ್ ಒಬ್ಬರು ಲೈಟ್ ಆರಿಸಿ, "ಹತ್ತು ನಿಮಿಷ ಸುಮ್ನೆ ಕೂತ್ಕೋ" ಅಂದರು. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಸತ್ತ ಮರಿಗಳು ಮಸುಕಾಗಿ ಬೆಳಗುತ್ತಿದ್ದವು. ನೆಮಟೋಡಿನ ಹೊಟ್ಟೆಯಲ್ಲಿ ಬರುವ ಬ್ಯಾಕ್ಟೀರಿಯಾ ಮಾಡುವ ಕೆಲಸ ಅದು. ಆಮೇಲೆ ನನಗೆ ಬೇರೆ ವಿಷಯ ಬೇಕು ಅನ್ನಿಸಲೇ ಇಲ್ಲ.

ಮೊದಲು ಕೈ ಪಳಗಿಸಿಕೊಳ್ಳಿ

ಅಂಕಪಟ್ಟಿ ಎಲ್ಲರ ಹತ್ತಿರವೂ ಇರುತ್ತದೆ. ಪಳಗಿದ ಕೈ ಎಲ್ಲರಿಗೂ ಇರುವುದಿಲ್ಲ. ಇದನ್ನು ನೀವು ಈ ವಾರವೇ ಶುರು ಮಾಡಬಹುದು.

ಒಂದು ಆಲಿಕೆ ತೆಗೆದುಕೊಳ್ಳಿ. ಅದರ ತುದಿಗೆ ಗೇಣುದ್ದ ರಬ್ಬರ್ ಟ್ಯೂಬ್ ಸಿಕ್ಕಿಸಿ, ಕೆಳಗೆ ಕ್ಲಿಪ್ ಹಾಕಿ. ಆಲಿಕೆಯ ಒಳಗೆ ಸಣ್ಣ ಜರಡಿ, ಅದರ ಮೇಲೆ ಟಿಶ್ಯೂ ಕಾಗದ, ಕಾಗದದ ಮೇಲೆ ತೆಳ್ಳಗೆ ಹರಡಿದ ಮಣ್ಣು. ಬೇರುಗಂಟು ಬಂದ ಟೊಮೆಟೊ ಗಿಡದ ಬುಡದ ಮಣ್ಣಾದರೆ ಒಳ್ಳೆಯದು. ಮಣ್ಣಿನ ತಳ ನೆನೆಯುವಷ್ಟು ನೀರು ತುಂಬಿ. ಒಂದೆರಡು ದಿನ ಅಲುಗಿಸಬೇಡಿ. ನೆಮಟೋಡುಗಳು ಕಾಗದದ ಸಂದಿಯಿಂದ ಜಾರಿ ಕೆಳಗೆ ಬಂದು ಟ್ಯೂಬಿನಲ್ಲಿ ಸೇರುತ್ತವೆ. ಕ್ಲಿಪ್ ತೆಗೆದು ಸ್ವಲ್ಪ ನೀರನ್ನು ಗಾಜಿನ ತಟ್ಟೆಗೆ ಹಿಡಿಯಿರಿ. ಕಾಲೇಜಿನ ಮೈಕ್ರೋಸ್ಕೋಪ್ ಕೆಳಗೆ ನೋಡಿ. ಬೇರುಗಂಟು ನೆಮಟೋಡಿನ ಮರಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಹಾವಿನ ಹಾಗೆ ನುಲಿಯುವುದು ಕಾಣುತ್ತದೆ. ಇದನ್ನು ಬೇರ್‌ಮನ್ ಆಲಿಕೆ ಅನ್ನುತ್ತಾರೆ. ಇಲ್ಲಿನ ಲ್ಯಾಬುಗಳಲ್ಲೂ ಇದೇ ವಿಧಾನವನ್ನು ಬಳಸುತ್ತೇವೆ.

ಇನ್ನೊಂದು ಅಭ್ಯಾಸ. ಉದುರಿದ ರೆಪ್ಪೆಗೂದಲನ್ನು ಟೂತ್‌ಪಿಕ್ ತುದಿಗೆ ಅಂಟಿಸಿ, ಅದರಿಂದ ಒಂದೊಂದೇ ನೆಮಟೋಡನ್ನು ನೀರಿನಿಂದ ಎತ್ತಿ. ನನಗೆ ಹಿಡಿತ ಸಿಗಲು ಮೂರು ವಾರ ಬೇಕಾಯಿತು. ಸಂದರ್ಶನದಲ್ಲಿ "ನೀನು ನೆಮಟೋಡ್ ಎತ್ತಿದ್ದೀಯಾ?" ಅಂತ ಕೇಳಿದಾಗ "ಹೌದು, ರೆಪ್ಪೆಗೂದಲಿನಲ್ಲಿ" ಅಂದೆ. ಅಲ್ಲಿಂದ ಮಾತು ಸಲೀಸಾಗಿ ಮುಂದುವರಿಯಿತು.

ಮೊದಲ ಇಮೇಲ್

ಇಲ್ಲಿ ಜಾಸ್ತಿ ಹೊತ್ತು ನಿಲ್ಲೋಣ. ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ. ಬರೀ ಅರ್ಜಿ ತುಂಬಿ ಕಳಿಸಿದರೆ ಸಾಲದು. ಒಬ್ಬ ಪ್ರೊಫೆಸರ್ "ಈ ವಿದ್ಯಾರ್ಥಿಯನ್ನು ನಾನು ತೆಗೆದುಕೊಳ್ಳುತ್ತೇನೆ" ಅನ್ನಬೇಕು. ಅವರ ಬಳಿ ಯೋಜನೆಯ ಹಣವೂ ಇರಬೇಕು. ಹಾಗಾಗಿ ಆಗಸ್ಟ್‌ಗೆ ಸೇರಬೇಕಾದರೆ ಹಿಂದಿನ ವರ್ಷದ ಜೂನ್, ಜುಲೈನಲ್ಲೇ ಬರೆಯಲು ಶುರು ಮಾಡಿ.

ನಾನು ಮೊದಲು ಕಳಿಸಿದ ಇಪ್ಪತ್ತು ಇಮೇಲ್‌ಗಳಿಗೆ ಒಂದೂ ಉತ್ತರ ಬರಲಿಲ್ಲ. ಎಲ್ಲವೂ ಒಂದೇ ಕಾಗದದ ನಕಲು. "ರೆಸ್ಪೆಕ್ಟೆಡ್ ಸರ್" ಅಂತ ಶುರು, ನನ್ನ ಒಜಿಪಿಎ (ಒಟ್ಟಾರೆ ಗ್ರೇಡ್ ಸರಾಸರಿ), "ನಿಮ್ಮ ಅಮೂಲ್ಯ ಸಂಶೋಧನೆಯಲ್ಲಿ ಆಸಕ್ತಿ ಇದೆ" ಅನ್ನುವ ಸಾಲು. ಆ ಇಪ್ಪತ್ತು ಜನರಲ್ಲಿ ಏಳು ಮಂದಿ ಮಹಿಳೆಯರು. ಅದನ್ನೂ ನಾನು ನೋಡಿರಲಿಲ್ಲ.

ಇಪ್ಪತ್ತೊಂದನೆಯದನ್ನು ಬೇರೆ ಥರ ಬರೆದೆ. "ಡಾಕ್ಟರ್" ಅಂತ ಹಾಕಿ ಅವರ ಕೊನೆಯ ಹೆಸರು ಬರೆದೆ. ಮೊದಲ ಸಾಲಲ್ಲೇ ಅಪ್ಪನ ಹೊಲದ ಜೋಳದ ಸುಳಿ ಬಂತು. ಎರಡನೆಯದರಲ್ಲಿ ನನ್ನ ಎಂಎಸ್ಸಿ ಕೆಲಸ. ಮೂರನೆಯದು ಅವರ ಒಂದು ಲೇಖನ ಓದಿ ನನಗೆ ಹುಟ್ಟಿದ ಪ್ರಶ್ನೆ: ಫ್ಲೋರಿಡಾದ ಮರಳು ಮಣ್ಣಿನಲ್ಲಿ ಹೀಗೆ ನಡೆದುಕೊಂಡ ನೆಮಟೋಡ್ ನಮ್ಮ ಕೆಂಪು ಮಣ್ಣಿನಲ್ಲಿ ಏನು ಮಾಡಬಹುದು? ಕೊನೆಗೆ, "ಮುಂದಿನ ಆಗಸ್ಟ್‌ಗೆ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಯೋಚನೆ ಇದೆಯೇ?" ಅಂತ ನೇರವಾಗಿ ಕೇಳಿದೆ. ಒಟ್ಟು ಹದಿನೈದು ಸಾಲು. ಮೂರನೇ ದಿನ ಉತ್ತರ ಬಂತು.

ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಅಷ್ಟು ಸಾಕು. ವಿಡಿಯೋ ಕರೆ ಗೊತ್ತಾದರೆ ಗಡಿಯಾರ ನೋಡಿಕೊಳ್ಳಿ. ಗೇನ್ಸ್‌ವಿಲ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ.

ಆ ಕರೆಯಲ್ಲಿ ನೀವೂ ಪ್ರಶ್ನೆ ಕೇಳಬೇಕು. ಅದು ಅಧಿಕಪ್ರಸಂಗ ಅಂತ ನಮಗೆ ಅನ್ನಿಸುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಹಣ ಎಷ್ಟು ವರ್ಷಕ್ಕೆ ಇದೆ, ಬೇಸಿಗೆಯಲ್ಲೂ ಸಂಬಳ ಇದೆಯೇ ಅಂತ ಕೇಳಿ. ಅವರ ಈಗಿನ ಇಬ್ಬರು ವಿದ್ಯಾರ್ಥಿಗಳ ಜೊತೆ ಬೇರೆಯಾಗಿ ಮಾತಾಡಲು ಅನುಮತಿ ಕೇಳಿ. ನನಗೆ ಮೊದಲು ಬೇರೊಂದು ಕಡೆಯಿಂದ ಬಾಯಿಮಾತಿನ ಭರವಸೆ ಸಿಕ್ಕಿತ್ತು. ಅವರಿಗೆ ಯೋಜನೆಯ ಹಣ ಮಂಜೂರಾಗಲಿಲ್ಲ, ಫೆಬ್ರವರಿಯಲ್ಲಿ "ಕ್ಷಮಿಸಿ" ಅಂದರು. ಒಂದು ವರ್ಷ ಹೋಯಿತು. ಸಂಬಳ, ಫೀ ಮಾಫಿ ಎರಡೂ ಬರೆದಿರುವ ಪತ್ರ ಕೈಗೆ ಬರುವ ತನಕ ಬೇರೆ ಬಾಗಿಲು ಮುಚ್ಚಬೇಡಿ.

ಗೈಡ್ ಕೂರುವ ಊರು ಯಾವುದು ಅಂತಲೂ ಕೇಳಿ. ವಿಭಾಗದ ಮುಖ್ಯ ಕಟ್ಟಡ ಸ್ಟೈನ್‌ಮೆಟ್ಜ್ ಹಾಲ್ ಗೇನ್ಸ್‌ವಿಲ್‌ನಲ್ಲಿದೆ. ಆದರೆ ಕಿತ್ತಳೆ ಜಾತಿಯ ಬೆಳೆಗಳ ಕೇಂದ್ರ ಲೇಕ್ ಆಲ್ಫ್ರೆಡ್‌ನಲ್ಲಿ, ಸೊಳ್ಳೆಗಳ ಪ್ರಯೋಗಾಲಯ ವೀರೋ ಬೀಚ್‌ನಲ್ಲಿ, ಉಷ್ಣವಲಯದ ಬೆಳೆಗಳದು ದೂರದ ಹೋಮ್‌ಸ್ಟೆಡ್‌ನಲ್ಲಿ. ಗೇನ್ಸ್‌ವಿಲ್‌ನಲ್ಲಿ ಐಡಿ ಕಾರ್ಡ್ ತೋರಿಸಿದರೆ ಬಸ್ ಉಚಿತ. ಉಳಿದ ಕಡೆ ಕಾರಿಲ್ಲದೆ ಕಷ್ಟ.

ಕಾಗದಪತ್ರ, ದುಡ್ಡು

ಮಾಸ್ಟರ್ಸ್‌ಗೆ 30 ಕ್ರೆಡಿಟ್. ಬಿಎಸ್ಸಿಯಿಂದ ಲೆಕ್ಕ ಹಿಡಿದರೆ ಪಿಎಚ್‌ಡಿಗೆ 90. ನಿಮ್ಮ ಎಂಎಸ್ಸಿಯಿಂದ 30ರವರೆಗೆ ಸೇರಿಸಿಕೊಳ್ಳಲು ಅವಕಾಶ ಇದೆ, ಅದನ್ನು ಕೇಳಿ ಪಡೆಯಿರಿ. ಪಿಎಚ್‌ಡಿ ಸಮಿತಿಯಲ್ಲಿ ಕನಿಷ್ಠ ನಾಲ್ವರು, ಅದರಲ್ಲಿ ಒಬ್ಬರು ಬೇರೆ ವಿಭಾಗದವರು. ಇವರ ಮುಂದೆಯೇ ಅರ್ಹತಾ ಪರೀಕ್ಷೆ, ಬರೆಯುವುದೂ ಉಂಟು, ಬಾಯಲ್ಲಿ ಹೇಳುವುದೂ ಉಂಟು.

ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಯೂನಿವರ್ಸಿಟಿ ಕೊಡುವ ಅಧಿಕೃತ ಅಂಕಗಳ ದಾಖಲೆಗೆ, ಮೂರು ತಿಂಗಳು ಮೊದಲೇ ಅರ್ಜಿ ಹಾಕಿ. ನನ್ನದು ಒಂದು ಕಚೇರಿಯ ಮೇಜಿನ ಮೇಲೆ ಐದು ವಾರ ಕೂತಿತ್ತು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಎರಡು ಡೋಸ್‌ಗೆ ಪುರಾವೆ ಬೇಕು. ವೀಸಾ ಸಂದರ್ಶನಕ್ಕೆ ಮೊದಲು 350 ಡಾಲರ್ ಸೆವಿಸ್ ಶುಲ್ಕ ಕಟ್ಟಬೇಕು; ಸೆವಿಸ್ ಅಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ.

ಅಸಿಸ್ಟೆಂಟ್‌ಶಿಪ್, ಅಂದರೆ ಓದಿನ ಜೊತೆ ಸಂಶೋಧನೆ ಅಥವಾ ಪಾಠದಲ್ಲಿ ನೆರವಾಗುವ ಸಂಬಳದ ಕೆಲಸ, ಸಿಕ್ಕರೆ ವಾರಕ್ಕೆ 20 ಗಂಟೆ ದುಡಿಯಬೇಕು. ಟ್ಯೂಷನ್ ಮಾಫಿ ಆಗುತ್ತದೆ, ಆರೋಗ್ಯ ವಿಮೆ ಸಿಗುತ್ತದೆ. ಆದರೆ ಟ್ಯೂಷನ್ ಅಲ್ಲದ ಬೇರೆ ಫೀಗಳು ನಿಮ್ಮ ಜೇಬಿನಿಂದ. ಮೊದಲ ಸಂಬಳ ಬರಲು ವಾರಗಳೇ ಹಿಡಿಯುತ್ತವೆ. ಎರಡು ತಿಂಗಳ ಬಾಡಿಗೆ, ಊಟದ ಖರ್ಚು ಕೈಯಲ್ಲಿ ಇಟ್ಟುಕೊಂಡು ಬನ್ನಿ.

ಪೆಟ್ಟಿಗೆಯಲ್ಲಿ ಏನಿರಬೇಕು

ನಿಮ್ಮ ಕೈಗೆ ಒಗ್ಗಿದ ಸಣ್ಣ ಇಕ್ಕಳ, ಎರಡು ಸಣ್ಣ ಬ್ರಷ್, ಹೊಲದಲ್ಲಿ ಬರೆದ ಹಳೆಯ ನೋಟ್‌ಬುಕ್. ಹೊರಡುವ ಹಿಂದಿನ ದಿನ ಅಪ್ಪ ನಮ್ಮ ಜೋಳದ ಹೊಲದ ಮಣ್ಣನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ, "ನಿಮ್ಮ ಮೇಷ್ಟ್ರಿಗೆ ತೋರಿಸು" ಅಂತ ಕೊಟ್ಟರು. ಅದನ್ನು ತರುವ ಹಾಗಿರಲಿಲ್ಲ. ಜೀವಂತ ಕೀಟ, ನೆಮಟೋಡ್, ಮಣ್ಣು ಯಾವುದಕ್ಕೂ ಅಮೆರಿಕದ ಕೃಷಿ ಇಲಾಖೆಯ ಪರವಾನಗಿ ಮೊದಲೇ ಬೇಕು. ಸಂಶೋಧನೆಗೆ ಮಾದರಿ ಹೊರಗೆ ಕಳಿಸುವಾಗ ನಮ್ಮ 2002ರ ಜೀವವೈವಿಧ್ಯ ಕಾಯ್ದೆಯನ್ನೂ ನೋಡಬೇಕು. ಇದೆಲ್ಲ ಇಲ್ಲಿಗೆ ಬಂದ ಮೇಲೆ ಗೈಡ್ ಜೊತೆ ಕೂತು ಮಾಡುವ ಕೆಲಸ. ಬಾಟಲಿಯನ್ನು ಅಪ್ಪನ ಕೈಗೇ ವಾಪಸ್ ಕೊಟ್ಟೆ. ಹೊಲದ ಐದು ಜಾಗದ ಮಣ್ಣಿನ ಪರೀಕ್ಷೆ ಮಾಡಿಸಿ, ವರದಿಯ ಫೋಟೊ ಕಳಿಸಿ ಅಂದೆ. ಅದು ಸಾಕಾಯಿತು. ಗೈಡ್ ಜೊತೆಗಿನ ಮೊದಲ ಭೇಟಿಯಲ್ಲಿ ಒಂದು ಗಂಟೆ ನಾವು ಮಾತಾಡಿದ್ದು ಆ ವರದಿಯ ಮೇಲೆಯೇ.